ಪಲ್ಟನ್ ವೈದ್ಯನ ವಸ್ತುಸಂಗ್ರಹ

ಹಂಪಿಯ ವಿರೂಪಾಕ್ಷ ಗುಡಿಯ ದೊಡ್ಡ ಗೋಪುರ ದಾಟಿ ಹೊರಬಂದು ಮೂಡಲಿಗೆ ಮುಖ ಮಾಡಿ ನಿಂತರೆ ಎದುರಿಗೊಂದು ನೆಟ್ಟನೆಯ ಅಗಲ ಬೀದಿ. ಉದ್ದ ಸುಮಾರು ಮುಕ್ಕಾಲು ಕಿಲೋಮೀಟರು. ಎರಡೂ ಬದಿಗೆ ಕಲ್ಲುಕಂಬಗಳ ಸಾಲುಮಂಟಪ. ಬೀದಿ ಮುಗಿಯುವಲ್ಲಿ ಮಾತಂಗ ಬೆಟ್ಟದ ಬುಡ. ಅಲ್ಲಿ ಮಂಟಪದೊಳಗೆ ಒಂದೇ ಬಂಡೆಯಲ್ಲಿ ಕಡೆದ ಎದುರು ಬಸವಣ್ಣ. ಹೊಸಪೇಟೆ, ಕಂಪ್ಲಿ, ಸಂಡೂರಿನ ಕೇಳುಗರಿಗೆ ಇದನ್ನೆಲ್ಲ ಬಣ್ಣಿಸಬೇಕಾಗಿಲ್ಲ. ದೂರದಲ್ಲಿ ಕೇಳುತ್ತಿರುವವರಿಗಾಗಿ ಹೇಳಿದೆ. ಇದೇ ಹಂಪಿ ಬಜಾರ್.

ಬಜಾರ್ ಎಂದ ಮೇಲೆ ಸರಕು ಇರಬೇಕು, ದುಡ್ಡು ಇರಬೇಕು. ಕಂಬಗಳೇನೋ ನಿಂತಲ್ಲೇ ನಿಂತಿವೆ. ಆದರೆ ಕೈಯಲ್ಲಿ ಹಿಡಿಯಬಹುದಾದ, ಗಾಡಿಗೆ ಹೇರಬಹುದಾದ ವಸ್ತುಗಳೆಲ್ಲ ಎಲ್ಲಿ ಹೋದವು? ವಿಜಯನಗರ ಬಿದ್ದ 1565ರ ಯುದ್ಧ, ಆಮೇಲಿನ ಲೂಟಿ, ಆ ಕಥೆ ನಿಮಗೆಲ್ಲ ಗೊತ್ತು. ಅದನ್ನು ಇವತ್ತು ಬಿಟ್ಟುಬಿಡೋಣ. ವಸ್ತುಗಳು ಊರು ಬಿಡುವುದಕ್ಕೆ ಇನ್ನೊಂದು ದಾರಿಯೂ ಇತ್ತು. ಅಲ್ಲಿ ಕೂಗಾಟವಿಲ್ಲ, ಬೆಂಕಿಯಿಲ್ಲ. ಒಬ್ಬ ಅಧಿಕಾರಿ ಬರುತ್ತಾನೆ, ನೋಡುತ್ತಾನೆ, ಬರೆದುಕೊಳ್ಳುತ್ತಾನೆ, ಒಂದು ಚೀಟಿ ಅಂಟಿಸುತ್ತಾನೆ. ಅದು ಪೆಟ್ಟಿಗೆ ಸೇರುತ್ತದೆ. ನೂರು ವರ್ಷದ ನಂತರ ನಾವು ಟಿಕೆಟ್ ಕೊಂಡು ಗಾಜಿನಾಚೆಯಿಂದ ಅದನ್ನು ನೋಡುತ್ತೇವೆ.

ಹಾಗೆ ಚೀಟಿ ಅಂಟಿಸಿದವರಲ್ಲಿ ಸೈನ್ಯದ ವೈದ್ಯರು ಬಹಳ ಮಂದಿ. ಅವರಲ್ಲೊಬ್ಬ ಎಡ್ವರ್ಡ್ ಬಾಲ್ಫರ್. ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಆರಂಭಿಸಿದವನು, ಬೆಂಗಳೂರಿನದಕ್ಕೂ ಕಾರಣನಾದವನು. ಆತನ ಬಾಳಿನ ಕಥೆಯೇ ಈ ಹೊತ್ತಿನ ಮಾತು. ಅದರ ಜತೆಯಲ್ಲಿ ಒಂದೇ ಒಂದು ಪ್ರಶ್ನೆ: ವಸ್ತುವನ್ನು ಅದರ ಜಾಗದಿಂದ ಎತ್ತಿದ ಮೇಲೆ ಅದರಲ್ಲಿ ಉಳಿಯುವುದೇನು?

ಮೊದಲು ಒಂದು ಅನುಮಾನ ಬರುತ್ತದೆ. ವೈದ್ಯನಿಗೂ ಹಳೆಯ ಕಲ್ಲಿಗೂ ಏನು ಸಂಬಂಧ? ಕಂಪನಿ ಸರ್ಕಾರದ ದಿನಗಳಲ್ಲಿ ಪಲ್ಟನ್ ಎಲ್ಲಿಗೆ ಹೊರಟರೆ ವೈದ್ಯನೂ ಅಲ್ಲಿಗೆ. ಯುದ್ಧವಿದ್ದರೆ ಬಿಡುವಿಲ್ಲ. ಇಲ್ಲದಿದ್ದರೆ ತಿಂಗಳುಗಟ್ಟಲೆ ಬಿಡುವು. ಗಿಡಮೂಲಿಕೆ ತಿಳಿಯುವುದು ಆಗಿನ ವೈದ್ಯಶಿಕ್ಷಣದ ಭಾಗ. ಅದರಿಂದ ಗಿಡ ಕೂಡಿಹಾಕುವ ಅಭ್ಯಾಸ. ಗಿಡದಿಂದ ಕಲ್ಲಿಗೆ, ಕಲ್ಲಿನಿಂದ ಶಾಸನಕ್ಕೆ, ನಾಣ್ಯಕ್ಕೆ ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಂಡದ್ದನ್ನು ಕಂಡ ದಿನವೇ ಬರೆದಿಡುವುದು ಅವನ ಕಸುಬು.

ನಮ್ಮ ನೆಲದಲ್ಲೇ ಇದಕ್ಕೆ ಉದಾಹರಣೆ ಇದೆ. ಶ್ರೀರಂಗಪಟ್ಟಣ ಬಿದ್ದ 1799ರಲ್ಲೇ ಕಾಲಿನ್ ಮೆಕೆಂಜಿ ಹಂಪಿಯ ಪಾಳುನಗರದ ನಕ್ಷೆ ತಯಾರಿಸಿದ. ಅವನು ವೈದ್ಯನಲ್ಲ, ಸೈನ್ಯದ ಇಂಜಿನಿಯರು. ಆದರೆ ಅವನ ಮೈಸೂರು ಸರ್ವೆಯ ತಂಡಕ್ಕೆ ಕಂಪನಿ ಕೊಟ್ಟದ್ದು ಬೆಂಜಮಿನ್ ಹೈನೆ ಎಂಬ ವೈದ್ಯನನ್ನು. ಲಾಲ್‌ಬಾಗಿನ ಉಸ್ತುವಾರಿಯೂ ಕೆಲಕಾಲ ಇವನದೇ. ಅನಂತರ ಬಂದವನು ಜಾನ್ ಲೇಡನ್. ವೈದ್ಯ, ಕವಿ, ಭಾಷೆಗಳ ಹುಚ್ಚು ಹಿಡಿದವನು. 1811ರಲ್ಲಿ ಜಾವಾದ ಬಟೇವಿಯಾದಲ್ಲಿ, ಬಹುಕಾಲ ಮುಚ್ಚಿದ್ದ ತಂಡಿಹಿಡಿದ ಪುಸ್ತಕದ ಕೋಣೆಯೊಳಗೆ ಹೋಗಿ ಬಂದ. ಜ್ವರ ಬಂತು. ಕೆಲವೇ ದಿನಗಳಲ್ಲಿ ತೀರಿಕೊಂಡ. ವಯಸ್ಸು 35. ಹಳೆಯ ಹೊತ್ತಗೆಯ ಆಸೆಗೆ ಪ್ರಾಣ ಕೊಟ್ಟವರ ಪಟ್ಟಿ ಯಾರಾದರೂ ಮಾಡಿದರೆ ಅದರಲ್ಲಿ ಈ ವೈದ್ಯನ ಹೆಸರು ಮೊದಲ ಸಾಲಿನಲ್ಲೇ ಇರಬೇಕು.

ಇಷ್ಟು ಪೀಠಿಕೆ. ಸೈನ್ಯದ ವೈದ್ಯನಿಗೆ ಬಿಡುವಿತ್ತು, ತಿರುಗಾಟವಿತ್ತು, ಬರೆದಿಡುವ ರೂಢಿಯಿತ್ತು ಎಂದು ಹೇಳಿದೆ. ಈಗ ಬಾಲ್ಫರ್ ಕಡೆಗೆ ಬರೋಣ.

1813ರಲ್ಲಿ ಸ್ಕಾಟ್ಲೆಂಡಿನ ಕಡಲತೀರದ ಮಾಂಟ್‌ರೋಸ್ ಎಂಬ ಊರಿನಲ್ಲಿ ಆತ ಹುಟ್ಟಿದ. ಸೋದರಮಾವ ಜೋಸೆಫ್ ಹ್ಯೂಮ್ ಕೂಡ ಕಂಪನಿಯ ವೈದ್ಯನಾಗಿ ಭಾರತದಲ್ಲಿ ದುಡಿದು, ಊರಿಗೆ ಮರಳಿ ಪಾರ್ಲಿಮೆಂಟ್ ಸೇರಿದ್ದವನು. ಆ ಮಾವನ ಮಗನೇ ಅಲನ್ ಆಕ್ಟೇವಿಯನ್ ಹ್ಯೂಮ್, ಕಾಂಗ್ರೆಸ್ ಸಂಸ್ಥೆ ಹುಟ್ಟುವಾಗ ಮುಂದೆ ನಿಂತವನು. ಬಾಲ್ಫರ್ ಎಡಿನ್‌ಬರೋದಲ್ಲಿ ಶಸ್ತ್ರವೈದ್ಯ ಕಲಿತ. 1834ರಲ್ಲಿ ಹಡಗು ಹತ್ತಿದ. ದಾರಿಯಲ್ಲಿ ಹಡಗು ಮಾರಿಷಸ್ ದ್ವೀಪದಲ್ಲಿ ನಿಂತಿತು. ಕಬ್ಬು ಬೆಳೆಯಲು ಕಾಡು ಕಡಿದ ಆ ದ್ವೀಪ ಒಣಗುತ್ತಿರುವುದನ್ನು ಈ 21ರ ಹುಡುಗ ಕಂಡ. ಅದು ಅವನ ತಲೆಯಲ್ಲಿ ಉಳಿಯಿತು. ಮುಂದೆ 1849ರಲ್ಲಿ ಮರಕ್ಕೂ ಮಳೆಗೂ ನೆಲದ ತೇವಕ್ಕೂ ಇರುವ ನಂಟನ್ನು ಕುರಿತು ಮದರಾಸಿನ ಪತ್ರಿಕೆಯಲ್ಲಿ ಬರೆದ. ಕಾಡು ಹೋದರೆ ನೀರು ಹೋಗುತ್ತದೆ, ನೀರು ಹೋದರೆ ಕ್ಷಾಮ ಬರುತ್ತದೆ ಎಂದು ಸರ್ಕಾರವನ್ನು ಎಚ್ಚರಿಸಿದ. ಸಂಡೂರಿನ ಗುಡ್ಡಗಳನ್ನು ದಿನವೂ ನೋಡುವ ಕೇಳುಗರಿಗೆ ಈ ಮಾತನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸೈನ್ಯದಲ್ಲಿ ಆತ ಮಾಡಿದ ಇನ್ನೊಂದು ಕೆಲಸ ಲೆಕ್ಕ. ಯಾವ ಕಂಟೋನ್ಮೆಂಟಿನಲ್ಲಿ ಎಷ್ಟು ಸಿಪಾಯಿಗಳು, ಯಾವ ರೋಗದಿಂದ ಎಷ್ಟು ಸಾವು, ಯಾವ ತಿಂಗಳಲ್ಲಿ ಹೆಚ್ಚು. ಇದನ್ನೆಲ್ಲ ಕೋಷ್ಟಕ ಮಾಡಿದ. ಕಾಲರಾ ಕಾಲಿಡದ ಊರುಗಳು ಯಾವುವು ಎಂದು ಹುಡುಕಿ 1856ರಲ್ಲಿ ಒಂದು ಪುಸ್ತಕವನ್ನೇ ತಂದ. ಆತನ ದೃಷ್ಟಿ ಗಮನಿಸಿ. ರೋಗ ಬಂದ ಊರನ್ನು ಎಲ್ಲರೂ ಬರೆದುಕೊಳ್ಳುತ್ತಿದ್ದರು. ಈತ ಬಾರದ ಊರನ್ನು ಬರೆದುಕೊಂಡ. ರೋಗಿಯ ಮೈ ಒಂದನ್ನೇ ನೋಡಿದರೆ ಸಾಲದು, ಅವನಿದ್ದ ಜಾಗವನ್ನೂ ನೋಡಬೇಕು ಎನ್ನುವುದು ಆತನ ನಂಬಿಕೆಯಾಗಿತ್ತು.

ಜತೆಗೆ ಭಾಷೆ ಕಲಿತ. ಹಿಂದುಸ್ತಾನಿ, ಪಾರಸಿ ಎರಡರಲ್ಲೂ ಪಳಗಿದ. 1850ರಲ್ಲಿ ಮದರಾಸಿನ ಮುಸ್ಲಿಮರಿಗಾಗಿ ಒಂದು ಸಾರ್ವಜನಿಕ ಪುಸ್ತಕಾಲಯ ಆರಂಭವಾಗಲು ಕಾರಣನಾದ. ಕರ್ನಾಟಿಕ್ ನವಾಬನ ಚೇಪಾಕ್ ಅರಮನೆಯಲ್ಲಿ ಸರ್ಕಾರದ ಪ್ರತಿನಿಧಿಯಾಗಿಯೂ ಕೆಲಸ ಮಾಡಿದ. ಈ ನವಾಬನ ನಂಟು ಮುಂದೆ ಬೇರೊಂದು ರೀತಿಯಲ್ಲಿ ನೆರವಿಗೆ ಬಂತು.

ಬಾಲ್ಫರ್ ಸಾವಿನ ಲೆಕ್ಕ ಬರೆದ, ಜಾಗದ ಮಹತ್ವ ಕಂಡುಕೊಂಡ, ಇಲ್ಲಿನ ಭಾಷೆ ಕಲಿತ. ಇಲ್ಲಿಂದ ಮುಂದೆ ವಸ್ತುಗಳ ಕಥೆ.

ಮದರಾಸಿನ ಸಾಹಿತ್ಯ ಸಂಘದ ಬಳಿ ಸಾವಿರಕ್ಕೂ ಹೆಚ್ಚು ಕಲ್ಲಿನ ಮಾದರಿಗಳಿದ್ದವು. ಇಡಲು ಜಾಗವಿಲ್ಲ. ನೀವೇ ಇಟ್ಟುಕೊಳ್ಳಿ ಎಂದು ಸರ್ಕಾರಕ್ಕೆ ಕೊಟ್ಟರು. ಅವನ್ನು ನೋಡಿಕೊಳ್ಳಲು ಒಬ್ಬರು ಬೇಕಾಯಿತು. 1851ರಲ್ಲಿ ಆ ಹೊಣೆ ಬಾಲ್ಫರ್ ಹೆಗಲಿಗೆ ಬಂತು. ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನ ಮಹಡಿಯ ಮೇಲೆ ವಸ್ತುಸಂಗ್ರಹಾಲಯ ತೆರೆಯಿತು. ಕಲ್ಲು, ಚಿಪ್ಪು, ಮರದ ತುಂಡು, ಸತ್ತ ಹಕ್ಕಿ, ಹಾವು, ನಾಣ್ಯ, ವಿಗ್ರಹ ಎಲ್ಲ ಬರತೊಡಗಿದವು. ಮಹಡಿ ಭಾರ ತಾಳದಾಯಿತು. ಸುಮಾರು ಮೂರು ವರ್ಷದಲ್ಲೇ, 1854ರ ಕೊನೆಗೆ, ಇಡೀ ಸಂಗ್ರಹ ಎಗ್ಮೋರಿನ ಪ್ಯಾಂಥಿಯನ್ ಎಂಬ ಬಂಗಲೆಗೆ ಹೋಯಿತು. ಇಂದಿಗೂ ಅದು ಅಲ್ಲೇ ಇದೆ.

ಆತನದು ಶ್ರೀಮಂತನ ಸಂಗ್ರಹವಲ್ಲ. ಆ ಕಾಲದ ಎಷ್ಟೋ ಅಧಿಕಾರಿಗಳು ಹಳೆಯ ವಸ್ತು ಕೂಡಿಹಾಕಿದರು. ತಮ್ಮ ಮನೆಗೆ ಒಯ್ದರು, ಇಂಗ್ಲೆಂಡಿಗೆ ಸಾಗಿಸಿದರು, ಮಾರಿದರು. ಬಾಲ್ಫರ್ ಕೂಡಿಹಾಕಿದ್ದು ಊರ ಜನರಿಗೆ ತೋರಿಸಲು. ಬಾಗಿಲು ಎಲ್ಲರಿಗೂ ತೆರೆದಿತ್ತು. ಬಂದವರ ಲೆಕ್ಕವನ್ನೂ ಇಟ್ಟ. ಸಾವಿನ ಲೆಕ್ಕ ಇಟ್ಟವನಿಗೆ ಸಂದರ್ಶಕರ ಲೆಕ್ಕ ಕಷ್ಟವೇ? ಒಂದು ಹುಲಿಮರಿ, ಒಂದು ಚಿರತೆ ಅಂಗಳಕ್ಕೆ ಬಂದಾಗ ಜನ ಮುಗಿಬಿದ್ದರು. ಆತನಿಗೆ ಗುಟ್ಟು ಹೊಳೆಯಿತು. ನವಾಬನನ್ನು ಒಪ್ಪಿಸಿ ಅರಮನೆಯ ಪ್ರಾಣಿಗಳನ್ನೆಲ್ಲ ವಸ್ತುಸಂಗ್ರಹಾಲಯಕ್ಕೆ ತಂದ. ಅದೇ ಮದರಾಸಿನ ಮೃಗಾಲಯದ ಹುಟ್ಟು. ಮದರಾಸಿನ ಸಾಮಾನ್ಯ ಜನ ಎರಡಕ್ಕೂ ತಮ್ಮದೇ ಹೆಸರಿಟ್ಟರು. ಮೃಗಾಲಯ ಅವರ ಬಾಯಲ್ಲಿ ಜೀವದ ಕಾಲೇಜು. ವಸ್ತುಸಂಗ್ರಹಾಲಯ ಸತ್ತ ಕಾಲೇಜು. ವಿದ್ವಾಂಸರಿಗೆ ಈ ಹೆಸರು ಹಿಡಿಸಿರಲಿಕ್ಕಿಲ್ಲ. ನನಗಂತೂ ಆ ಜನ ವಿಷಯವನ್ನು ಸರಿಯಾಗಿಯೇ ಹಿಡಿದರು ಅನ್ನಿಸುತ್ತದೆ.

ಏಕೆಂದರೆ ಬಾಲ್ಫರ್ ಅಂಗಳದಲ್ಲಿ ಒಂದು ದೊಡ್ಡ ದುಃಖದ ರಾಶಿಯೂ ಇತ್ತು. ಅಮರಾವತಿಯ ಕಲ್ಲುಗಳು.

ಕೃಷ್ಣಾ ನದಿಯ ದಂಡೆಯಲ್ಲಿ ಅಮರಾವತಿ ಎಂಬ ಊರು. ಅಲ್ಲೊಂದು ಬೌದ್ಧ ಸ್ತೂಪ. ದುಂಡನೆಯ ದೊಡ್ಡ ದಿಬ್ಬ, ಅದರ ಸುತ್ತ ಬುದ್ಧನ ಕಥೆ ಕೆತ್ತಿದ ಬಿಳಿಗಲ್ಲಿನ ಚಪ್ಪಡಿಗಳು. ಹಂಪಿಯ ನಕ್ಷೆ ಮಾಡಿದನಲ್ಲ, ಅದೇ ಮೆಕೆಂಜಿ ಅದನ್ನು ಮೊದಲು ಕಂಡದ್ದು 18ನೇ ಶತಮಾನದ ಕೊನೆಯ ವರ್ಷಗಳಲ್ಲಿ. 1845ರಲ್ಲಿ ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ ಅಲ್ಲಿ ಅಗೆಸಿ ಕಲ್ಲುಗಳನ್ನು ಮದರಾಸಿಗೆ ಸಾಗಿಸಿದ. ಈ ಎಲಿಯಟ್ ನಮಗೆ ಹೊರಗಿನವನಲ್ಲ. ಎಳೆಯ ವಯಸ್ಸಿನಲ್ಲಿ ಧಾರವಾಡದಲ್ಲಿದ್ದವನು. 1824ರ ಕಿತ್ತೂರು ಕದನದಲ್ಲಿ ಚೆನ್ನಮ್ಮನ ಕಡೆಯವರಿಗೆ ಸೆರೆ ಸಿಕ್ಕಿದ್ದವನು. ಕನ್ನಡ ಶಾಸನಗಳನ್ನು ನೂರುಗಟ್ಟಲೆ ಪ್ರತಿ ಮಾಡಿಸಿದವನು.

ಆ ಕಲ್ಲುಗಳು ಮದರಾಸಿನಲ್ಲಿ ಬಯಲಲ್ಲೇ ಬಿದ್ದಿದ್ದವು. ಬಿಸಿಲು, ಮಳೆ, ಕಡಲ ಉಪ್ಪುಗಾಳಿ. ವಸ್ತುಸಂಗ್ರಹಾಲಯದ ಹೊಣೆ ಹೊತ್ತ ಮೇಲೆ ಬಾಲ್ಫರ್ ಅವನ್ನು ಪಟ್ಟಿ ಮಾಡಿಸಿದ. ಪಿ. ಮುರುಗೇಶ ಮುದಲಿಯಾರ್ ಎಂಬ ಸ್ಥಳೀಯ ಕಲಾವಿದನಿಂದ ಒಂದೊಂದರ ಚಿತ್ರ ಬರೆಸಿದ. ಬಾಲ್ಫರ್ ಹೆಸರು ಹೇಳುವಾಗ ಮುರುಗೇಶ ಮುದಲಿಯಾರರ ಹೆಸರನ್ನೂ ಹೇಳಬೇಕು. ಕಲ್ಲಿನೆದುರು ಕೂತು ಗೆರೆ ಎಳೆದವರು ಅವರು. 1859ರಲ್ಲಿ ಸುಮಾರು 120 ಕಲ್ಲುಗಳು ಹಡಗು ಹತ್ತಿ ಲಂಡನ್ನಿಗೆ ಹೋದವು. ಅಲ್ಲಿ ಏನಾಯಿತು ಗೊತ್ತೇ? ಒಂದು ಸಾರೋಟಿನ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದವು. 1860ರ ದಶಕದ ಕೊನೆಗೆ ಜೇಮ್ಸ್ ಫರ್ಗುಸನ್ ಎಂಬ ವಾಸ್ತುಶಿಲ್ಪದ ವಿದ್ವಾಂಸ ಅವನ್ನು ಕಂಡು ಹೊರತೆಗೆಸಿದ. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಉಳಿದವು ಮದರಾಸಿನಲ್ಲಿ. ಸ್ತೂಪವಿದ್ದ ಜಾಗದಲ್ಲಿ ಉಳಿದದ್ದು ಬುನಾದಿ. ಒಂದೇ ಕಥೆಯ ಒಂದು ಪುಟ ಚೆನ್ನೈಯಲ್ಲಿ, ಮುಂದಿನ ಪುಟ ಲಂಡನ್ನಿನಲ್ಲಿ. ಬಾಲ್ಫರ್ ಇದನ್ನು ಮಾಡಿದವನಲ್ಲ. ಆದರೆ ಆತ ನಂಬಿ ನಡೆಸಿದ ಸಂಗ್ರಹದ ಪದ್ಧತಿಯೊಳಗೇ ಈ ಅಪಾಯ ಇತ್ತು.

ಇದುವರೆಗೆ ಮದರಾಸಿನ ಮಾತಾಯಿತು. ಸಂಗ್ರಹ ಸಾರ್ವಜನಿಕವಾಯಿತು, ಜನ ಬಂದರು, ಅಮರಾವತಿಯ ಕಲ್ಲು ಹಂಚಿಹೋಯಿತು. ಈಗ ನಮ್ಮ ಕಡೆಗೆ ಬರೋಣ.

1860ರ ದಶಕದಲ್ಲಿ ಬಾಲ್ಫರ್ ಆಸ್ಪತ್ರೆಗಳ ಉಪ ಇನ್ಸ್‌ಪೆಕ್ಟರ್ ಜನರಲ್ ಆದ. ಬರ್ಮಾ, ಅಂಡಮಾನ್ ಎಲ್ಲ ಸುತ್ತಿದ. ಎರಡು ಸಲ ದತ್ತ ಮಂಡಲದಲ್ಲಿ, ಎರಡು ಸಲ ಮೈಸೂರು ವಿಭಾಗದಲ್ಲಿ ಕೆಲಸ ಮಾಡಿದ. ದತ್ತ ಮಂಡಲ ಅಂದರೆ ಹಿರಿಯ ಕೇಳುಗರಿಗೆ ತಿಳಿದಿರುತ್ತದೆ. 1800ರಲ್ಲಿ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ಸೀಮೆ. ಬಳ್ಳಾರಿ, ಕಡಪ ಎಲ್ಲ ಅದರೊಳಗೆ. ಹೊಸಪೇಟೆ, ಹಂಪಿ, ಕಂಪ್ಲಿಯೂ ಅದರೊಳಗೆ. ಬಳ್ಳಾರಿಯ ಏಕಶಿಲೆಯ ಗುಡ್ಡದ ಕೆಳಗೆ ದೊಡ್ಡ ಕಂಟೋನ್ಮೆಂಟ್ ಇತ್ತು. ಅಲ್ಲಿಯ ಸಿಪಾಯಿಗಳ ಆಸ್ಪತ್ರೆ ಈತನ ಉಸ್ತುವಾರಿಗೆ ಬಂತು.

ಮೈಸೂರು ಆಗ ಕಮಿಷನರರ ಆಡಳಿತದಲ್ಲಿತ್ತು. ಎಲ್. ಬಿ. ಬೌರಿಂಗ್ ಮುಖ್ಯ ಕಮಿಷನರು. ಬಾಲ್ಫರ್ ಮಾರ್ಗದರ್ಶನ, ಬೌರಿಂಗ್ ಬೆಂಬಲ. 1865ರಲ್ಲಿ ಬೆಂಗಳೂರಿನ ವಸ್ತುಸಂಗ್ರಹಾಲಯ ಆರಂಭವಾಯಿತು. ಮೊದಲು ಕಂಟೋನ್ಮೆಂಟಿನ ಹಳೆಯ ಜೈಲಿನ ಕಟ್ಟಡದಲ್ಲಿ. ಆ ರಸ್ತೆಗೆ ಇಂದಿಗೂ ಮ್ಯೂಸಿಯಂ ರಸ್ತೆ ಎಂದೇ ಹೆಸರು. 1870ರ ದಶಕದ ಕೊನೆಗೆ ಕಬ್ಬನ್ ಪಾರ್ಕಿನ ಅಂಚಿನ ಕೆಂಪು ಕಟ್ಟಡಕ್ಕೆ ಹೋಯಿತು. ಬೆಂಗಳೂರಿನ ಜನ ಅದನ್ನು ತಮಾಷೆ ಬಂಗಲೆ ಎಂದು ಕರೆದರು.

ಆ ತಮಾಷೆ ಬಂಗಲೆಯಲ್ಲಿ ಇಂದು ಒಂದು ಕಲ್ಲಿದೆ. ಆತಕೂರಿನ ಕಲ್ಲು. ಸುಮಾರು ಕ್ರಿ.ಶ. 950ರದು. ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದದ್ದು. ಮೇಲ್ಭಾಗದಲ್ಲಿ ಒಂದು ನಾಯಿ, ಒಂದು ಹಂದಿ. ಒಂದರ ಮೇಲೊಂದು ಬಿದ್ದು ಹೋರಾಡುತ್ತಿವೆ. ಸುತ್ತಲೂ ಹಳಗನ್ನಡದ ಸಾಲುಗಳು. ನಾಯಿಯ ಹೆಸರು ಕಾಳಿ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆಯರ ಎಂಬ ವೀರನಿಗೆ ಗಂಗರ ಅರಸ ಬೂತುಗ ಏನು ಬೇಕು ಎಂದಾಗ, ಅವನು ಕೇಳಿದ್ದು ಈ ನಾಯಿಯನ್ನು. ಹಂದಿಯೂ ಕಾಳಿಯೂ ಹೋರಾಡಿ ಎರಡೂ ಸತ್ತವು. ನಾಯಿಗೊಂದು ಕಲ್ಲು ನಿಲ್ಲಿಸಿದರು. ಎಲ್ಲಿ? ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ. ಹೀಗೆಂದು ಕಲ್ಲೇ ಹೇಳುತ್ತದೆ.

ಕಲ್ಲು ತನ್ನ ವಿಳಾಸವನ್ನು ತನ್ನ ಮೈಮೇಲೆ ಬರೆದುಕೊಂಡಿದೆ. ಅದನ್ನು ಬೆಂಗಳೂರಿಗಲ್ಲ, ಎಲ್ಲಿಗೆ ಒಯ್ದರೂ ಅದು ಆತಕೂರಿನದೇ. ಆದರೆ ಎಲ್ಲ ವಸ್ತುಗಳಿಗೂ ಈ ಭಾಗ್ಯವಿಲ್ಲ. ನಾಣ್ಯಕ್ಕಂತೂ ಇಲ್ಲವೇ ಇಲ್ಲ.

ಹಂಪಿ ಬಜಾರಿನ ದುಡ್ಡು ಎಲ್ಲಿ ಹೋಯಿತು ಎಂಬ ಪ್ರಶ್ನೆಯನ್ನು ಬಾಕಿ ಇಟ್ಟಿದ್ದೆ. ಅದಕ್ಕೆ ಈಗ ಬರುತ್ತೇನೆ. 1443ರಲ್ಲಿ ಎರಡನೆಯ ದೇವರಾಯನ ಕಾಲಕ್ಕೆ ಬಂದ ಪಾರಸಿ ರಾಯಭಾರಿ ಅಬ್ದುಲ್ ರಜಾಕ್ ಇಲ್ಲಿನ ಟಂಕಸಾಲೆಯ ವಿಷಯ ಬರೆದಿದ್ದಾನೆ. ಚಿನ್ನದಲ್ಲಿ ವರಾಹ. ಅದರ ಅರ್ಧ ಪ್ರತಾಪ. ಪ್ರತಾಪದ ಹತ್ತನೆಯ ಒಂದು ಪಾಲು ಹಣ. ಬೆಳ್ಳಿಯಲ್ಲಿ ತಾರ, ತಾಮ್ರದಲ್ಲಿ ಜೀತಲ. ವರಾಹದ ತೂಕ ಸುಮಾರು ಮೂರೂವರೆ ಗ್ರಾಂ. ಕಡಲೆಬೇಳೆಗಿಂತ ಸ್ವಲ್ಪ ದೊಡ್ಡದು ಎಂದುಕೊಳ್ಳಿ. ಅಷ್ಟು ಸಣ್ಣ ಬಿಲ್ಲೆಯ ಮೇಲೆ ದೇವರ ಮೂರ್ತಿ. ಒಬ್ಬ ಅರಸನದರಲ್ಲಿ ಉಮಾಮಹೇಶ್ವರ, ಇನ್ನೊಬ್ಬನದರಲ್ಲಿ ಹನುಮ. ಅಚ್ಯುತರಾಯನದರಲ್ಲಿ ಗಂಡಭೇರುಂಡ.

ವಿಜಯನಗರ ಸಾಮ್ರಾಜ್ಯ ಹೋದರೂ ಈ ವರಾಹ ಹೋಗಲಿಲ್ಲ. ಇಕ್ಕೇರಿಯ ನಾಯಕರು ಉಮಾಮಹೇಶ್ವರನ ವರಾಹವನ್ನು ಮುಂದುವರಿಸಿದರು. ಇಕ್ಕೇರಿ ಗೆದ್ದ ಹೈದರಾಲಿ ಏನು ಮಾಡಿದ? ಒಂದು ಮಗ್ಗುಲಿಗೆ ತನ್ನ ಹೆಸರಿನ ಅಕ್ಷರ ಹಾಕಿಸಿ, ಇನ್ನೊಂದು ಮಗ್ಗುಲಿನ ಶಿವಪಾರ್ವತಿಯರನ್ನು ಹಾಗೇ ಉಳಿಸಿದ. ಪೇಟೆಯ ಜನ ನಂಬುವ ನಾಣ್ಯದ ಮುಖ ಬದಲಿಸುವಷ್ಟು ದಡ್ಡ ಅವನಲ್ಲ. ಮದರಾಸಿನ ಕಂಪನಿಯೂ ದೇವರ ಮೂರ್ತಿಯಿದ್ದ ವರಾಹವನ್ನೇ ಅಚ್ಚುಹಾಕಿತು. 1818ರಲ್ಲಿ ರೂಪಾಯಿ ಬರುವ ತನಕ ಅದೇ ಅಲ್ಲಿಯ ಲೆಕ್ಕದ ನಾಣ್ಯ.

ಇಂಥ ವರಾಹಗಳನ್ನು ಒಂದೆಡೆ ಸೇರಿಸಿ, ಸಾಲಾಗಿ ಇಟ್ಟು, ಯಾವುದು ಯಾರದು ಎಂದು ವಿಂಗಡಿಸಿ ಬರೆದವನು ಇನ್ನೊಬ್ಬ ಸೈನ್ಯದ ವೈದ್ಯ. ಜಾರ್ಜ್ ಬಿಡೀ. ಬಾಲ್ಫರ್ ಕೂತ ಕುರ್ಚಿಯಲ್ಲಿ, ಅದೇ ಮದರಾಸು ಸಂಗ್ರಹಾಲಯದಲ್ಲಿ, 1872ರಿಂದ ಹಲವು ವರ್ಷ ಕೂತವನು. ಕಾಫಿ ಬೆಳೆಗಾರರು ಇವನ ಹೆಸರು ಕೇಳಿರಬಹುದು. ಕೊಡಗು, ಮೈಸೂರು ಸೀಮೆಯ ಕಾಫಿ ಗಿಡಕ್ಕೆ ಕಾಂಡಕೊರೆಯುವ ಹುಳು ಬಿದ್ದಾಗ ತೋಟ ಸುತ್ತಿ 1869ರಲ್ಲಿ ವರದಿ ಕೊಟ್ಟವನೂ ಇವನೇ. ಹುಳುವಿನ ಜಾತಿ ವಿಂಗಡಿಸುವ ಕಣ್ಣಿನಿಂದಲೇ ನಾಣ್ಯದ ಜಾತಿಯನ್ನೂ ವಿಂಗಡಿಸಿದ. ವರಾಹಗಳ ಮೇಲಿನ ಅವನ ಪ್ರಬಂಧ 1883ರಲ್ಲಿ ಕಲ್ಕತ್ತಾದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ದಕ್ಷಿಣದ ನಾಣ್ಯಗಳನ್ನು ಓದಬಯಸುವವರಿಗೆ ಬಹಳ ಕಾಲ ಅದೊಂದು ಕೈದೀಪವಾಯಿತು.

ಅಕ್ಕಸಾಲಿಗನ ಮೂಸೆಯಲ್ಲಿ ಕರಗಿದ ವರಾಹಗಳು ಎಷ್ಟೋ. ವಸ್ತುಸಂಗ್ರಹಾಲಯ ಸೇರಿದವು ಉಳಿದವು. ಇದು ಬಾಲ್ಫರ್, ಬಿಡೀ ಅವರ ಪರವಾದ ಮಾತು. ಅದನ್ನು ಮನಸಾರೆ ಹೇಳುತ್ತೇನೆ. ಆದರೆ ಗದ್ದೆಯಲ್ಲಿ ಸಿಕ್ಕ ಗಡಿಗೆಯೊಂದರಲ್ಲಿ ಯಾವ ಯಾವ ಅರಸರ ನಾಣ್ಯ ಒಟ್ಟಿಗಿದ್ದವು, ಆ ಗದ್ದೆ ಹಳೆಯ ಪೇಟೆಯ ಬಳಿಯೋ ಗುಡಿಯ ಬಳಿಯೋ, ಆಳದಲ್ಲಿ ಬೂದಿ ಇತ್ತೋ ಇಟ್ಟಿಗೆ ಇತ್ತೋ ಎನ್ನುವುದು ತಿಳಿದರೆ ಒಂದು ಇತಿಹಾಸ. ತಿಳಿಯದಿದ್ದರೆ ಮೂರೂವರೆ ಗ್ರಾಂ ಚಿನ್ನ.

ಆತಕೂರಿನ ಕಲ್ಲಿಗೆ ವಿಳಾಸವಿತ್ತು, ವರಾಹಕ್ಕೆ ಇರಲಿಲ್ಲ ಎಂದು ಕೇಳಿದಿರಿ. ಇವೆರಡರ ನಡುವೆ ನಿಲ್ಲುವ ಇನ್ನೊಂದು ವಸ್ತು ಹಂಪಿಯದೇ ಇದೆ.

ಹೇಮಕೂಟದ ದಕ್ಷಿಣಕ್ಕೆ ಇಳಿದರೆ ಕೃಷ್ಣ ದೇವಾಲಯ. ಒಳಗೆ ಮೂರ್ತಿಯಿಲ್ಲ. ಕೃಷ್ಣದೇವರಾಯ ಗಜಪತಿಯ ಉದಯಗಿರಿ ದುರ್ಗವನ್ನು ಗೆದ್ದಾಗ ಅಲ್ಲಿಂದ ಒಂದು ಬಾಲಕೃಷ್ಣನ ಮೂರ್ತಿಯನ್ನು ತಂದ. 1515ರಲ್ಲಿ ಇಲ್ಲಿ ಪ್ರತಿಷ್ಠೆ ಮಾಡಿದ. ಆ ಗುಡಿಯ ಶಾಸನವೇ ಈ ಸಂಗತಿ ಹೇಳುತ್ತದೆ. ಅವನ ಚಿನ್ನದ ನಾಣ್ಯದ ಮೇಲೂ ಬೆಣ್ಣೆಮುದ್ದೆ ಹಿಡಿದ ಕೂಸು ಕೃಷ್ಣ ಕೂತಿದ್ದಾನೆ. ಆ ಮೂರ್ತಿ ಈಗೆಲ್ಲಿದೆ? ಬಾಲ್ಫರ್ ಹುಟ್ಟುಹಾಕಿದ ಚೆನ್ನೈನ ವಸ್ತುಸಂಗ್ರಹಾಲಯದಲ್ಲಿ.

ಇಲ್ಲಿ ನಾವು ಸ್ವಲ್ಪ ತಡೆದು ಯೋಚಿಸಬೇಕು. ನಮ್ಮ ಮೂರ್ತಿಯನ್ನು ಮದರಾಸಿನವರು ಒಯ್ದರು ಎಂದು ಸಿಟ್ಟು ಮಾಡಿಕೊಳ್ಳುವುದು ಸುಲಭ. ಉದಯಗಿರಿಯವರು ಏನನ್ನಬೇಕು? ಅವರ ಕೃಷ್ಣನನ್ನು ತಂದವನು ನಮ್ಮ ರಾಯ. ಗೆದ್ದವನು ದೇವರನ್ನು ತರುವುದು ಆ ಕಾಲದ ನಡೆ. ಆದರೆ ರಾಯನ ಶಾಸನಕಾರ ಒಂದು ಕೆಲಸ ಸರಿಯಾಗಿ ಮಾಡಿದ. ಎಲ್ಲಿಂದ ತಂದದ್ದು ಎಂದು ಕಲ್ಲಿನಲ್ಲಿ ಬರೆಸಿದ. ಅದರಿಂದ ಇಂದು ಆ ಮೂರ್ತಿಯ ಮೂರು ಊರುಗಳೂ ನಮಗೆ ಗೊತ್ತು. ಉದಯಗಿರಿ, ಹಂಪಿ, ಚೆನ್ನೈ.

ಎತ್ತಿ ಒಯ್ಯದೆ ಸಂಗ್ರಹಿಸುವ ದಾರಿಯೂ ಒಂದಿತ್ತು. ಅದನ್ನು ಹಿಡಿದವರಲ್ಲೂ ವೈದ್ಯರಿದ್ದರು. 1850ರ ದಶಕದಲ್ಲಿ ಕ್ಯಾಮೆರಾ ಈ ದೇಶಕ್ಕೆ ಹೊಸದು. ಮುಂಬಯಿ ಸೈನ್ಯದ ವೈದ್ಯ ಪಿಗೌ, ಮದರಾಸು ಸೈನ್ಯದ ವೈದ್ಯ ನೀಲ್, ಇವರು ಕನ್ನಡ ನಾಡಿನ ಗುಡಿಗಳ ಫೋಟೋ ತೆಗೆದರು. ಧಾರವಾಡ, ಮೈಸೂರು ಸೀಮೆಯ ವಾಸ್ತುಶಿಲ್ಪದ ದೊಡ್ಡ ಪುಸ್ತಕವಾಗಿ ಅವು 1866ರಲ್ಲಿ ಲಂಡನ್ನಿನಲ್ಲಿ ಹೊರಬಂದವು. ಹಂಪಿಯಲ್ಲಿ 1856ರಲ್ಲಿ ಫೋಟೋ ತೆಗೆದ ಅಲೆಕ್ಸಾಂಡರ್ ಗ್ರೀನ್‌ಲಾ ವೈದ್ಯನಲ್ಲ, ಪದಾತಿ ದಳದ ಅಧಿಕಾರಿ. ಮೇಣ ಹಚ್ಚಿದ ಕಾಗದದ ಮೇಲೆ ಸುಮಾರು 60 ನೆಗೆಟಿವ್ ಮಾಡಿದ. ವಿಠ್ಠಲ ಗುಡಿಯ ಕಲ್ಲಿನ ರಥ ನಿಮಗೆಲ್ಲ ಗೊತ್ತು. 50 ರೂಪಾಯಿ ನೋಟಿನ ಮೇಲೂ ಇದೆ. ಅದರ ನೆತ್ತಿ ಈಗ ಬೋಳು. ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಆ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವಿದೆ. ಗೋಪುರ ಹೋಯಿತು. ಇತ್ತು ಎಂಬುದಕ್ಕೆ ಕಾಗದ ಉಳಿಯಿತು.

ವಸ್ತುವನ್ನು ಅದರ ಊರಲ್ಲೇ ಕೂಡಿಡುವುದು ಮತ್ತೊಂದು ದಾರಿ. ಹಂಪಿಯಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದ ಶಿಲ್ಪಗಳನ್ನು ಬ್ರಿಟಿಷ್ ಅಧಿಕಾರಿಗಳು ಆನೆಲಾಯದಲ್ಲಿ ಕೂಡಿಡಿಸಿದ್ದರು. 1972ರಲ್ಲಿ ಕಮಲಾಪುರದಲ್ಲಿ ಅವಕ್ಕೆಂದೇ ಕಟ್ಟಡವಾಯಿತು. ಅದರ ಅಂಗಳದ ನಡುವೆ ಹಂಪಿಯ ಇಡೀ ಕಣಿವೆಯ ಮಾದರಿ ಇದೆ. ಹೊಳೆ, ಬೆಟ್ಟ, ಗುಡಿ, ಬೀದಿ ಎಲ್ಲ ಕಾಲ ಬಳಿ. ಮೂರ್ತಿ ನೋಡಿ ಹೊರಬಂದವರು ಅದರ ಜಾಗವನ್ನೂ ನೋಡಬಹುದು. ಇದು ಒಳ್ಳೆಯ ಏರ್ಪಾಡು. ಆದರೆ ಜಾಗ ಉಳಿಸುವುದೂ ಸರಳವಲ್ಲ. ಬಜಾರಿನ ಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು 2011ರಲ್ಲಿ ತೆರವು ಮಾಡಿಸಿದರು. ಅವರಿಗೆ ಕಡ್ಡಿರಾಂಪುರದ ಬಳಿ ಜಾಗ ಗೊತ್ತುಮಾಡಿದರು. ಕಲ್ಲನ್ನು ಅದರ ಜಾಗದಲ್ಲಿ ಉಳಿಸಲು ಮನುಷ್ಯರನ್ನು ಅವರ ಜಾಗದಿಂದ ಎಬ್ಬಿಸಿದೆವು. ಅವರೂ ಆ ಬೀದಿಯ ಚರಿತ್ರೆಯ ಭಾಗವೇ ಅಲ್ಲವೇ?

ಮತ್ತೆ ಬಾಲ್ಫರ್ ಬಳಿಗೆ. ಸಂಗ್ರಹಕಾರನಾಗಿ ಆತನನ್ನು ನೋಡಿದೆವು. ವೈದ್ಯನಾಗಿ ಆತನ ಕೊನೆಯ ದೊಡ್ಡ ಕೆಲಸ ಬೇರೆಯೇ. 1871ರಲ್ಲಿ ಮದರಾಸಿನ ಸರ್ಜನ್ ಜನರಲ್ ಆದ. ಹೆಣ್ಣುಮಕ್ಕಳಿಗೆ ವೈದ್ಯಶಿಕ್ಷಣ ಬೇಕು ಎಂದು ಪಟ್ಟು ಹಿಡಿದ. ಪರದೆಯೊಳಗಿನ ಹೆಂಗಸರು ಗಂಡು ವೈದ್ಯನ ಮುಂದೆ ಬರುವುದಿಲ್ಲ, ಬಾರದೆ ಸಾಯುತ್ತಾರೆ ಎನ್ನುವುದು ಆತನ ವಾದ. 1875ರಲ್ಲಿ ಮದರಾಸು ಮೆಡಿಕಲ್ ಕಾಲೇಜಿಗೆ ನಾಲ್ವರು ಹೆಣ್ಣುಮಕ್ಕಳು ಸೇರಿದರು. ಮರುವರ್ಷ ಬಾಲ್ಫರ್ ಊರಿಗೆ ಮರಳಿದ. ಅಲ್ಲಿಯೂ ಕೈ ಸುಮ್ಮನಿರಲಿಲ್ಲ. 1857ರಲ್ಲೇ ಅಚ್ಚುಹಾಕಿಸಿದ್ದ ಭಾರತದ ವಿಶ್ವಕೋಶವನ್ನು ತಿದ್ದಿ, ಬೆಳೆಸಿ, ಮೂರನೆಯ ಆವೃತ್ತಿಯನ್ನು 1885ರಲ್ಲಿ ತಂದ. 1889ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಎರಡು ವರ್ಷದ ನಂತರ ಮದರಾಸು ವಿಶ್ವವಿದ್ಯಾಲಯದಲ್ಲಿ ಆತನ ಹೆಸರಿನ ಚಿನ್ನದ ಪದಕ ಸ್ಥಾಪನೆಯಾಯಿತು. ಹೆಣ್ಣುಮಕ್ಕಳು ವೈದ್ಯ ಕಲಿಯಲಿ ಎಂಬುದು ಅದರ ಉದ್ದೇಶ.

ಕೊನೆಯದಾಗಿ, ಹೊಲ ಉಳುವ ಕೇಳುಗರಿಗೆ ಒಂದು ಉಪಯೋಗದ ಮಾತು. ಬಿಡೀ ಮದರಾಸಿನಲ್ಲಿದ್ದಾಗ, 1878ರಲ್ಲಿ, ನಿಧಿ ಕಾಯಿದೆ ಬಂತು. ಕಂಪ್ಲಿಯ ಗದ್ದೆಯಲ್ಲೋ ಕಮಲಾಪುರದ ಬಾಳೆತೋಟದಲ್ಲೋ ನೇಗಿಲ ಮೊನೆಗೆ ನಾಣ್ಯದ ಗಡಿಗೆ ತಗುಲಿದರೆ, ಸಿಕ್ಕವರು ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. 10 ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಸಾಕು, ತಿಳಿಸಲೇಬೇಕು ಎಂದು ಆ ಕಾಯಿದೆ ವಿಧಿಸಿತು. ಏನೇನು ಬರೆಯಬೇಕು ಎಂಬುದನ್ನೂ ಅದು ಹೇಳಿತು. ಸಿಕ್ಕಿದ್ದು ಏನು, ಎಷ್ಟು. ಯಾವ ಜಾಗದಲ್ಲಿ ಸಿಕ್ಕಿತು. ಯಾವ ದಿನ ಸಿಕ್ಕಿತು.